ಹಿಮ ತೂರುವ ಯಂತ್ರ, ರಾಶಿ ತೂರುವ ಯಂತ್ರ

ಚಳಿಗಾಲದ ವಾರ್ತೆಗಳಲ್ಲಿ ಆಗಾಗ ಬರುವ ಒಂದು ದೃಶ್ಯವನ್ನು ನೀವು ಕಂಡಿರುತ್ತೀರಿ. ಜೋಜಿ ಲಾ ಕಣಿವೆಯ ಹಾದಿಯಲ್ಲಿ ಆಳೆತ್ತರದ ಹಿಮ ಬಿದ್ದಿದೆ. ಗಡಿ ರಸ್ತೆ ಸಂಸ್ಥೆಯ ಯಂತ್ರವೊಂದು ಆ ಬಿಳಿಯ ಗೋಡೆಯೊಳಕ್ಕೆ ಮೆಲ್ಲನೆ ನುಗ್ಗುತ್ತದೆ. ಮುಂದಿನ ಅಲಗುಗಳು ಹಿಮವನ್ನು ಕತ್ತರಿಸಿ ಒಳಕ್ಕೆ ಎಳೆದುಕೊಳ್ಳುತ್ತವೆ. ಮೇಲಿನ ಕೊಳವೆಯಿಂದ ಅದೇ ಹಿಮ ಕಮಾನಿನಂತೆ ಬಾಗಿ ದೂರ ಹೋಗಿ ಬೀಳುತ್ತದೆ. ಔರಾದ ಅಥವಾ ಭಾಲ್ಕಿ ಕಡೆಯ ಹಳ್ಳಿಯೊಂದರಲ್ಲಿ ಕುಳಿತು ಇದನ್ನು ನೋಡುವ ಹುಡುಗಿಗೆ ತಟ್ಟನೆ ನೆನಪಾಗುವುದು ಹಿಮಾಲಯವಲ್ಲ, ತಮ್ಮ ಹೊಲದ ರಾಶಿ ಮಶಿನ್. ತೊಗರಿಯ ಹೊಟ್ಟು ಯಂತ್ರದ ಬಾಯಿಂದ ಹಾರಿ ಬೀಳುವ ಕಮಾನು ಹೆಚ್ಚು ಕಡಿಮೆ ಇದೇ ಆಕಾರದ್ದು. ಬಣ್ಣ ಮಾತ್ರ ಬೇರೆ.

ಈ ಹೋಲಿಕೆ ಕೇವಲ ಕಣ್ಣಿಗೆ ಕಂಡದ್ದಲ್ಲ. ಇವೆರಡೂ ಯಂತ್ರಗಳ ನಡುವೆ ಇತಿಹಾಸದಲ್ಲಿ ನಿಜವಾದ ನೆಂಟಸ್ತಿಕೆ ಇದೆ. ಆ ನೆಂಟಸ್ತಿಕೆಯ ಕಥೆಯನ್ನು ಈ ಪುಟಗಳಲ್ಲಿ ನೋಡೋಣ.

ಬೀದರಿಗೂ ಹಿಮಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿಲ್ಲ, ಆದರೆ ಚಳಿಗೆ ಸಂಬಂಧವಿದೆ. 1901ರ ಜನವರಿ 5ರಂದು ಬೀದರಿನಲ್ಲಿ ಉಷ್ಣಾಂಶ 2.9 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ದಾಖಲೆ ಇದೆ. ಎಳ್ಳ ಅಮವಾಸ್ಯೆಯ ಬೆಳಗ್ಗೆ ಹೊಲಕ್ಕೆ ಹೊರಟವರಿಗೆ ಈ ಊರಿನ ಚಳಿ ಎಂಥದೆಂದು ಹೇಳಬೇಕಾಗಿಲ್ಲ. ಆದರೂ ಈ ಪ್ರಸ್ಥಭೂಮಿಯ ಮೇಲೆ ಹಿಮ ಬೀಳುವುದಿಲ್ಲ. ಬಿದ್ದರೆ ಆಲಿಕಲ್ಲು ಬಿದ್ದೀತು. 2014ರ ಮಾರ್ಚ್‌ನಲ್ಲಿ ಮರಾಠವಾಡ ಮತ್ತು ಉತ್ತರ ಕರ್ನಾಟಕದ ಕಡೆ ಬಿದ್ದ ಆಲಿಕಲ್ಲು ನಿಂತ ಬೆಳೆಯನ್ನು ಮಲಗಿಸಿತು. ಅದನ್ನು ತೆಗೆಯಲು ಯಾರೂ ಯಂತ್ರ ತರಬೇಕಾಗಲಿಲ್ಲ, ಬಿಸಿಲೇ ಆ ಕೆಲಸ ಮಾಡಿತು.

ಮೊದಲು ಹಿಮ ತೂರುವ ಯಂತ್ರ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಅಮೆರಿಕ, ಕೆನಡಾಗಳಲ್ಲಿ ಹಿಮ ಬೀಳುವ ಊರುಗಳ ಮನೆಮನೆಯಲ್ಲೂ ಇಂಥ ಸಣ್ಣ ಯಂತ್ರ ಇರುತ್ತದೆ. ಮನೆಯಾತ ಅದರ ಹಿಂದೆ ನಡೆಯುತ್ತಾ, ನಮ್ಮವರು ಕುಂಟೆಯ ಹಿಂದೆ ನಡೆದಂತೆ, ಬಾಗಿಲಿನಿಂದ ರಸ್ತೆಯವರೆಗೆ ದಾರಿ ಬಿಡಿಸಿಕೊಳ್ಳುತ್ತಾನೆ. ಬೀದರಿನ ಮತ್ತು ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಟೊರೊಂಟೊ, ಷಿಕಾಗೊ, ಮಿನಿಯಾಪೊಲಿಸ್‌ಗಳಲ್ಲಿ ನೆಲೆಸುವ ಯಾರೇ ಆಗಲಿ, ಮನೆ ಕೊಂಡ ಮೊದಲ ಚಳಿಗಾಲದಲ್ಲೇ ಇದರ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಅಲ್ಲಿಯವರು ಇದು ‘ಗ್ಯಾಸಿನಿಂದ’ ನಡೆಯುತ್ತದೆ ಎನ್ನುತ್ತಾರೆ. ನಮ್ಮ ಅಡಿಗೆ ಮನೆಯ ಸಿಲಿಂಡರನ್ನು ನೆನೆಯಬೇಡಿ. ಅಮೆರಿಕದವರ ಆಡುಮಾತಿನಲ್ಲಿ ಪೆಟ್ರೋಲಿಗೇ ಗ್ಯಾಸು ಎಂದು ಹೆಸರು.

ಈ ಯಂತ್ರಗಳಲ್ಲಿ ದೊಡ್ಡವನ್ನು ‘ಎರಡು ಹಂತದ’ ಯಂತ್ರ ಎಂದು ಕರೆಯುತ್ತಾರೆ. ಇದನ್ನು ಎಂಜಿನ್ನಿನ ಎರಡು ಸ್ಟ್ರೋಕಿನ ಜೊತೆ ಗೊಂದಲ ಮಾಡಿಕೊಳ್ಳಬಾರದು. ಹಂತ ಎಂಬುದು ಇಲ್ಲಿ ಕೆಲಸದ ಹಂತ. ಮುಂದೆ ಅಡ್ಡಲಾಗಿ ಮಲಗಿರುವ ತಿರುಪಿನಾಕಾರದ ಅಲಗು ನಿಧಾನವಾಗಿ ಸುತ್ತುತ್ತಾ ಎರಡೂ ಬದಿಯ ಹಿಮವನ್ನು ನಡುವಿಗೆ ಎಳೆದು ತರುತ್ತದೆ. ಇದು ಒಂದನೆಯ ಹಂತ. ಅದರ ಬೆನ್ನಿಗೆ, ಡಬ್ಬಿಯೊಳಗೆ, ರೆಕ್ಕೆಗಳುಳ್ಳ ಚಕ್ರವೊಂದು ವೇಗವಾಗಿ ತಿರುಗುತ್ತಿರುತ್ತದೆ. ಕೈಗೆ ಬಂದ ಹಿಮವನ್ನು ಅದು ಕೊಳವೆಯ ಮೂಲಕ ಆಚೆಗೆ ತೂರುತ್ತದೆ; ಇದು ಎರಡನೆಯ ಹಂತ. ಕೂಡಿಸುವುದು, ತೂರುವುದು. ಈ ಎರಡು ಕ್ರಿಯಾಪದಗಳನ್ನು ನೆನಪಿನಲ್ಲಿಡಿ, ಏಕೆಂದರೆ ಈಗ ನಾವು ಕಣಕ್ಕೆ ಹೋಗುತ್ತಿದ್ದೇವೆ.

ಬೀದರ ಪಟ್ಟಣ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ. ಅಲ್ಲಿಂದ ಭಾಲ್ಕಿಗೋ ಔರಾದಕ್ಕೋ ಹೊರಟರೆ ಸ್ವಲ್ಪ ದೂರದಲ್ಲೇ ಮಣ್ಣು ಕಪ್ಪಾಗುತ್ತದೆ. ಮಾಂಜ್ರಾ ನದಿಯ ಆಸುಪಾಸಿನ ಈ ಎರೆಭೂಮಿಯಲ್ಲಿ ಜೋಳ, ಕಡಲೆ, ತೊಗರಿ, ಹೆಸರು, ಉದ್ದು ತಲೆತಲಾಂತರದಿಂದ ಬೆಳೆಯುತ್ತಾ ಬಂದಿವೆ. ಸೋಯಾ ಅವರೆ ಈಚಿನದು. ಎರೆಭೂಮಿಯಲ್ಲಿ ಕಣ ಮಾಡುವುದು ಸಣ್ಣ ಕೆಲಸವಾಗಿರಲಿಲ್ಲ. ಒಣಗಿದರೆ ಬಿರಿಯುವ ಮಣ್ಣು ಅದು. ಬಿರುಕಿಗೆ ಬಿದ್ದ ಕಾಳು ಮತ್ತೆ ಕೈಗೆ ಸಿಗದು. ಆದ್ದರಿಂದ ನೆಲ ಕೆತ್ತಿ, ನೀರು ಚಿಮುಕಿಸಿ, ತುಳಿಸಿ, ಸೆಗಣಿಯಿಂದ ಸಾರಿಸಿ ಗಟ್ಟಿ ಮಾಡಬೇಕು. ನಡುವೆ ಮೇಟಿ ಎಂಬ ಕಂಬ ನೆಡಬೇಕು. ಎತ್ತುಗಳನ್ನು ಸಾಲಾಗಿ ಕಟ್ಟಿ ಮೇಟಿಯ ಸುತ್ತ ತೆನೆಗಳ ಮೇಲೆ ನಡೆಸುವುದಕ್ಕೆ ಹಂತಿ ಎಂದು ಹೆಸರು. ರಾತ್ರಿಯಿಡೀ ನಡೆಯುವ ಈ ಕೆಲಸದಲ್ಲಿ ನಿದ್ದೆ ಬರದಂತೆ ಹಾಡುತ್ತಿದ್ದ ಹಂತಿ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಸಂಗ್ರಹಿಸಿದ್ದಾರೆ. ಕೆಲವೆಡೆ ಎತ್ತುಗಳಿಗೆ ರೋಣಗಲ್ಲು ಹೂಡಿ ಉರುಳಿಸುತ್ತಿದ್ದರು.

ತುಳಿಸಿದ ಮೇಲೆ ಕಾಳು, ಹೊಟ್ಟು, ಧೂಳು ಎಲ್ಲ ಕೂಡಿ ಒಂದು ಗುಡ್ಡೆ. ಇದನ್ನು ಬೇರ್ಪಡಿಸುವವನು ಮನುಷ್ಯನಲ್ಲ, ಗಾಳಿ. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತವರು ಮರದಿಂದ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾರೆ. ಭಾರವಾದ ಕಾಳು ನೇರ ಕೆಳಗೆ ಬೀಳುತ್ತದೆ, ಹಗುರಾದ ಹೊಟ್ಟು ಪಕ್ಕಕ್ಕೆ ಹಾರುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಗಾಳಿಯ ಪ್ರತಿರೋಧವೆಂದು ನೀವು ಓದುವುದು ಇದನ್ನೇ. ಆದರೆ ಗಾಳಿ ನಮ್ಮ ಕೈಯಲ್ಲಿಲ್ಲ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಇಂದು ಅವಕಾಶವಾದಿಗಳನ್ನು ಕುರಿತು ಬಳಸುತ್ತೇವೆ. ಅದು ಹುಟ್ಟಿದ್ದು ಮಾತ್ರ ರಾಶಿಯ ಮುಂದೆ ಮೂರು ದಿನ ಗಾಳಿಗೆ ಕಾದು ಕುಳಿತ ರೈತನ ಬಾಯಿಂದ ಇರಬೇಕು. ಗಾಳಿ ಬರುವ ಮೊದಲೇ ಮಳೆ ಬಂದರೆ? ಜೋಳ, ಕಡಲೆಯಾದರೆ ಮಾಘ–ಫಾಲ್ಗುಣದ ಒಣ ಹವೆಯಲ್ಲಿ ರಾಶಿಯಾಗುತ್ತವೆ. ಹೆಸರು, ಉದ್ದುಗಳ ಕಥೆ ಹಾಗಲ್ಲ. ಅವು ಕೊಯ್ಲಿಗೆ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಮಳೆಗಾಲದ ಮಧ್ಯದಲ್ಲಿ. ಎರಡು ದಿನ ಬಿಸಿಲು ಸಿಕ್ಕಾಗ ಕಿತ್ತು, ಬಡಿದು, ತೂರಿ ಮನೆ ಸೇರಿಸಬೇಕು. ಇಲ್ಲವಾದರೆ ಕಾಳು ಕಪ್ಪಾಗುತ್ತದೆ ಅಥವಾ ಕಾಯಿಯಲ್ಲೇ ಮೊಳೆಯುತ್ತದೆ. ಬೀದರ ಜಿಲ್ಲೆಯ ರೈತನಿಗೆ ಗಾಳಿ ಮಾಡುವ ಯಂತ್ರ ಶೋಕಿಯ ವಸ್ತುವಾಗಿರಲಿಲ್ಲ ಎಂಬುದಕ್ಕೆ ಈ ಎರಡು ಬೆಳೆಗಳೇ ಸಾಕ್ಷಿ.

ಗಾಳಿಗೆ ಕಾಯದೆ ಗಾಳಿಯನ್ನೇ ಮಾಡಿಕೊಳ್ಳುವ ಯೋಚನೆ ಮೊದಲು ಹೊಳೆದದ್ದು ಚೀನೀಯರಿಗೆ. ಎರಡು ಸಾವಿರ ವರ್ಷಗಳ ಹಿಂದಿನ ಹಾನ್ ವಂಶದ ಕಾಲದ ಸಮಾಧಿಗಳಲ್ಲಿ ಸಿಕ್ಕ ಮಣ್ಣಿನ ಪುಟ್ಟ ಮಾದರಿಗಳಲ್ಲಿ ಹಿಡಿಕೆ ತಿರುಗಿಸಿ ಗಾಳಿ ಹಾಕುವ ತೂರುಯಂತ್ರವಿದೆ. ಯೂರೋಪಿಗೆ ಅದು ತಲುಪಿದ್ದು 18ನೆಯ ಶತಮಾನದ ಆರಂಭದಲ್ಲಿ. ಹಾಲೆಂಡಿನಿಂದ ಸ್ಕಾಟ್‌ಲೆಂಡಿಗೆ ಅದನ್ನು ತಂದಾಗ ಅಲ್ಲಿಯ ಕೆಲವು ಧರ್ಮಭೀರುಗಳು ದೇವರು ಕೊಡಬೇಕಾದ ಗಾಳಿಯನ್ನು ಮನುಷ್ಯ ಮಾಡುವುದು ಸೈತಾನನ ಕೆಲಸ ಎಂದು ಅಡ್ಡಿ ಮಾಡಿದರಂತೆ. ಅದನ್ನು ತಂದ ಜೇಮ್ಸ್ ಮೀಕಲ್‌ನ ಮಗ ಆಂಡ್ರೂ ಮೀಕಲ್ 1786ರ ಸುಮಾರಿಗೆ ತೆನೆ ಬಡಿಯುವ ಯಂತ್ರವನ್ನೂ ಕಟ್ಟಿದ. ಉರುಳೆ ತೆನೆಯನ್ನು ಬಡಿಯುತ್ತದೆ, ಬೀಸಣಿಗೆ ಹೊಟ್ಟನ್ನು ತೂರುತ್ತದೆ. ಇಂದಿನ ರಾಶಿ ಮಶಿನ್ನಿನ ಒಡಲು ಅಲ್ಲಿಗೆ ಸಿದ್ಧವಾಯಿತು.

ಯಂತ್ರ ಬಂದರೆ ಯಾರೋ ಒಬ್ಬರ ಕೂಲಿ ಹೋಗುತ್ತದೆ. ಇಂಗ್ಲೆಂಡಿನ ಕೃಷಿ ಕೂಲಿಕಾರರಿಗೆ ಚಳಿಗಾಲವಿಡೀ ಹೊಟ್ಟೆ ಹೊರೆಯುತ್ತಿದ್ದ ಕೆಲಸವೆಂದರೆ ತೆನೆ ಬಡಿಯುವುದೇ. 1830ರ ಆಗಸ್ಟ್‌ನಲ್ಲಿ ಕೆಂಟ್ ಪ್ರಾಂತದಲ್ಲಿ ಅವರು ಮೊದಲ ಯಂತ್ರವನ್ನು ಒಡೆದರು. ಕೆಲವೇ ತಿಂಗಳಲ್ಲಿ ದಕ್ಷಿಣ ಇಂಗ್ಲೆಂಡಿನ ತುಂಬ ಈ ದಂಗೆ ಹರಡಿತು. ಜಮೀನುದಾರರಿಗೆ ಹೋಗುತ್ತಿದ್ದ ಬೆದರಿಕೆಯ ಪತ್ರಗಳ ಕೆಳಗೆ ‘ಕ್ಯಾಪ್ಟನ್ ಸ್ವಿಂಗ್’ ಎಂಬ ಕಲ್ಪಿತ ಹೆಸರಿರುತ್ತಿತ್ತು. ಕೊನೆಗೆ 19 ಮಂದಿಯನ್ನು ಗಲ್ಲಿಗೇರಿಸಿದರು, ನಾನೂರಕ್ಕೂ ಹೆಚ್ಚು ಜನರನ್ನು ಆಸ್ಟ್ರೇಲಿಯದ ಕಡೆಗೆ ಗಡೀಪಾರು ಮಾಡಿದರು. ಯಂತ್ರ ಒಡೆಯುವವರೆಲ್ಲ ಮೂಢರು ಎಂದು ಹೇಳುವ ಪಠ್ಯಗಳನ್ನು ಓದುವಾಗ ಈ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅವರಿಗೆ ಯಂತ್ರದ ಮೇಲೆ ಸಿಟ್ಟಿರಲಿಲ್ಲ, ಚಳಿಗಾಲದ ರೊಟ್ಟಿಯ ಚಿಂತೆ ಇತ್ತು.

ಈಗ ಹಿಮದ ಕಡೆಗೆ ತಿರುಗೋಣ. 1869ರಲ್ಲಿ ಟೊರೊಂಟೊ ನಗರದ ಜೆ. ಡಬ್ಲ್ಯು. ಎಲಿಯಟ್ ಎಂಬಾತ ರೈಲು ಹಳಿಯ ಮೇಲಿನ ಹಿಮವನ್ನು ತಿರುಗುವ ಚಕ್ರದಿಂದ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ವೃತ್ತಿಯಿಂದ ಆತ ದಂತವೈದ್ಯ! ರೈಲ್ವೆಯವರು ಅವನ ಮಾತಿಗೆ ಕಿವಿಗೊಡಲಿಲ್ಲ. 1880ರ ದಶಕದಲ್ಲಿ ಆರೆಂಜ್ ಜಲ್ ಎಂಬುವನು ಅದನ್ನು ತಿದ್ದಿದ. ಮುಂದೆ ಹಿಮ ಕತ್ತರಿಸುವ ಚಕ್ರ, ಹಿಂದೆ ತೂರುವ ಚಕ್ರ. ಲೆಸ್ಲಿ ಸಹೋದರರು ಅದನ್ನು ಕಟ್ಟಿ ಓಡಿಸಿ ತೋರಿಸಿದರು. ಆದರೆ ಅದು ಹಳಿಯ ಮೇಲಿನ ದೈತ್ಯ. ರಸ್ತೆಗೆ ಅದರಿಂದ ಉಪಯೋಗವಿರಲಿಲ್ಲ.

ರಸ್ತೆಯ ಯಂತ್ರ ಮಾಡಿದವನು ಆರ್ಥರ್ ಸಿಕಾರ್. 1876ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಹಾಲು ಮಾರುವ ರೈತನ ಮನೆಯಲ್ಲಿ ಅವನ ಜನನ. ಹಿಮ ಬಿದ್ದ ದಿನ ದಾರಿ ಮುಚ್ಚಿ ಹಾಲು ಮಾಂಟ್ರಿಯಲ್ ನಗರ ತಲುಪುತ್ತಿರಲಿಲ್ಲ. ಕರೆದ ಹಾಲು ಮನೆಯಲ್ಲೇ ಕೆಡುತ್ತಿತ್ತು. ಹಾಲಿನ ಡೇರಿಗೆ ಕ್ಯಾನು ಹೊತ್ತು ಹೋಗುವ ಮನೆಯ ಮಕ್ಕಳಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. 1894ರಲ್ಲಿ, ಹದಿನೆಂಟರ ಹುಡುಗನಾಗಿದ್ದಾಗ, ಸಿಕಾರ್ ನೆರೆಯ ಹೊಲವೊಂದರಲ್ಲಿ ರಾಶಿ ಮಾಡುವ ಯಂತ್ರವನ್ನು ನೋಡುತ್ತಾ ನಿಂತನೆಂದು ಅವನ ಜೀವನಕಥೆ ಹೇಳುತ್ತದೆ. ಸುರುಳಿ ತಿರುಪು ತೆನೆಯನ್ನು ಒಳಕ್ಕೆ ಎಳೆಯುತ್ತಿದೆ, ಬೀಸಣಿಗೆ ಹೊಟ್ಟನ್ನು ಆಚೆಗೆ ತೂರುತ್ತಿದೆ. ತೆನೆಯ ಜಾಗದಲ್ಲಿ ಹಿಮ ಇದ್ದರೆ? ಈ ಒಂದು ಪ್ರಶ್ನೆಯನ್ನು ಬೆನ್ನು ಹತ್ತಿ ಅವನು ಮೂವತ್ತು ವರ್ಷ ಕಳೆದ. ನೆರೆಯವರು ನಕ್ಕರು. ಜೀವನಕ್ಕೆ ರಸ್ತೆ ಕಟ್ಟುವ ಗುತ್ತಿಗೆ ಮಾಡಿದ. 1925ರಲ್ಲಿ ಯಂತ್ರ ಸಿದ್ಧವಾಯಿತು: ಒಂದು ಲಾರಿಯ ಚೌಕಟ್ಟು, ಹಿಮ ಬಾಚುವ ಮುಂಭಾಗ, ತನ್ನದೇ ಎಂಜಿನ್ ಉಳ್ಳ ತೂರುವ ಭಾಗ. ಹಿಮವನ್ನು 90 ಅಡಿಗೂ ಆಚೆಗೆ ಎಸೆಯುತ್ತಿತ್ತು. 1927ರಲ್ಲಿ ಮಾಂಟ್ರಿಯಲ್‌ಗೆ ಹೊಂದಿದ ಊಟ್ರಮಾಂಟ್ ಎಂಬ ಪುರಸಭೆ ಮೊದಲನೆಯದನ್ನು ಕೊಂಡಿತು.

ಹೀಗೆ ಹಿಮದ ಯಂತ್ರ ಹುಟ್ಟಿದ್ದು ಕಣದಲ್ಲಿ. ಮುಂದೆ ಅದನ್ನು ಮನೆಯ ಅಂಗಳಕ್ಕೆ ತಕ್ಕಂತೆ ಸಣ್ಣದು ಮಾಡಿದವರೂ ಕೃಷಿಯ ಕಡೆಯವರೇ. 1914ರಲ್ಲಿ ಟ್ರ್ಯಾಕ್ಟರಿಗೆ ಎಂಜಿನ್ ಮಾಡುತ್ತಾ ಆರಂಭವಾದ ಟೋರೊ ಕಂಪನಿ 1950ರ ದಶಕದ ಆದಿಯಲ್ಲಿ ಹಿಂದೆ ನಡೆದು ಓಡಿಸುವ ಯಂತ್ರ ತಂದಿತು. ನೆಲ ಹದ ಮಾಡುವ ಯಂತ್ರಗಳನ್ನು ಮಾಡುತ್ತಿದ್ದ ಏರಿಯನ್ಸ್ ಕಂಪನಿ 1960ರಲ್ಲಿ ಈ ವ್ಯಾಪಾರಕ್ಕೆ ಇಳಿಯಿತು.

ನಮ್ಮ ನಾಡಿನ ಒಂದು ಕಾಕತಾಳೀಯವನ್ನು ಇಲ್ಲಿ ಹೇಳದೆ ಇರಲಾರೆ. ಟೊರೊಂಟೊದ ದಂತವೈದ್ಯ ಪೇಟೆಂಟ್ ಪಡೆದ 1869ರಲ್ಲೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅವರು ಮೊದಲು ಮಾಡಿ ಮಾರಿದ ವಸ್ತು ಮೇವು ಕತ್ತರಿಸುವ ಯಂತ್ರ. ಅನಂತರ ಬಂದದ್ದು ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ಹಿಂಜರಿದದ್ದರಿಂದ ಮೊದಲ ನೇಗಿಲು ಮಾರಲು ಬಹಳ ಕಾಲ ಹಿಡಿಯಿತು. ಸ್ಕಾಟ್‌ಲೆಂಡಿನ ಸೈತಾನನ ಗಾಳಿಗೂ ಈ ಭಯಕ್ಕೂ ದೂರವೇನಿಲ್ಲ. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾಯಿತು. ಬಾವಿಯ ಮೊಟೆಯ ಜಾಗಕ್ಕೆ ಎಂಜಿನ್ ಬಂದ ಮೇಲೆ ಅದೇ ಎಂಜಿನ್ನಿಗೆ ಪಟ್ಟಾ ಹಾಕಿ ಹಿಟ್ಟಿನ ಗಿರಣಿಯನ್ನೋ ಕಬ್ಬಿನ ಗಾಣವನ್ನೋ ತಿರುಗಿಸುವುದನ್ನು ನಮ್ಮ ರೈತರು ತಾವೇ ಕಲಿತರು.

ಬೀದರ ಜಿಲ್ಲೆಯ ರಾಜಕೀಯ ಇತಿಹಾಸ ನಿಮಗೆ ತಿಳಿದದ್ದೇ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನ. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆ. ಹಳೆಯ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು; ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ನಮ್ಮಲ್ಲಿ ಉಳಿದವು. ನಕ್ಷೆಯ ಮೇಲೆ ಗೆರೆ ಬಿದ್ದರೂ ಸಂತೆ, ಬೀಗತನಗಳು ಆ ಗೆರೆಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ.

ರಾಜಕೀಯದಷ್ಟೇ ದೊಡ್ಡದಾದ, ಆದರೆ ಪುಸ್ತಕಗಳಲ್ಲಿ ಕಡಿಮೆ ಕಾಣುವ ಬದಲಾವಣೆ ಇನ್ನೊಂದಿದೆ. ಹಳೆಯ ಹಳ್ಳಿಯಲ್ಲಿ ಉಪಕರಣವನ್ನು ಸುಸ್ಥಿತಿಯಲ್ಲಿಡುವ ಹೊಣೆ ಯಾರದು? ಬಡಿಗನದು, ಕಮ್ಮಾರನದು. ಕುಂಟೆಯ ತಾಳು ಮುರಿದರೆ ಬಡಿಗ ಬರುತ್ತಾನೆ, ಕುಡ ಮೊಂಡಾದರೆ ಕಮ್ಮಾರ ಹರಿತ ಮಾಡುತ್ತಾನೆ. ಪ್ರತಿ ದುರಸ್ತಿಗೂ ದುಡ್ಡು ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ರಾಶಿಯಿಂದಲೇ ಅವರ ಪಾಲು ಅಳೆದು ಕೊಡುತ್ತಿದ್ದರು. ಆಯ ಎಂದೂ ಬಲುತೆ ಎಂದೂ ಕರೆಯುತ್ತಿದ್ದ ಈ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು, ಪಾಲು ಎಲ್ಲರಿಗೂ ನ್ಯಾಯವಾಗಿ ಸಿಗುತ್ತಿತ್ತು ಎಂದು ಹೊಗಳಬೇಕಾಗಿಲ್ಲ. ಆದರೆ ಒಂದು ಮಾತು ನಿಜ. ಎಂಜಿನ್ ಮತ್ತು ಬೇರಿಂಗು ಈ ಲೆಕ್ಕದೊಳಗೆ ಬರಲಿಲ್ಲ. ಪಟ್ಟಾ ಹರಿದರೆ ಜೋಳದ ಪಾಲು ಕೊಟ್ಟು ಹೊಸದು ತರಲಾಗುವುದಿಲ್ಲ. ಬೀದರಿನ ಅಂಗಡಿಗೋ ಹೈದರಾಬಾದಿಗೋ ರೊಕ್ಕ ಹಿಡಿದುಕೊಂಡು ಹೋಗಬೇಕು. ದುರಸ್ತಿ ಧಾನ್ಯದಿಂದ ದುಡ್ಡಿಗೆ ತಿರುಗಿತು. ನನ್ನ ದೃಷ್ಟಿಯಲ್ಲಿ ಟ್ರ್ಯಾಕ್ಟರ್ ಬಂದದ್ದಕ್ಕಿಂತ ಇದೇ ಆಳವಾದ ಬದಲಾವಣೆ.

ಎತ್ತಿನ ಕಣಕ್ಕೂ ಎಂಜಿನ್ ಯಂತ್ರಕ್ಕೂ ನಡುವೆ ಒಂದು ಮೆಟ್ಟಿಲಿತ್ತು. ಗುಜರಾತಿನ ಸೂರತ್ ಜಿಲ್ಲೆಯ ಓಲ್ಪಾಡ್ ಎಂಬ ಊರಿನ ಹೆಸರಿನ ಉಪಕರಣ ಅದು: ಕಬ್ಬಿಣದ ಬಿಲ್ಲೆಗಳ ಸಾಲಿನ ಮೇಲೆ ಪೀಠ, ಎಳೆಯಲು ಎತ್ತು. 1960ರ ದಶಕದ ಹಸಿರು ಕ್ರಾಂತಿಯ ಹೊತ್ತಿಗೆ ಪಂಜಾಬಿನ ಲುಧಿಯಾನ, ಮೋಗಾ ಕಡೆಯ ಸಣ್ಣ ಕಾರ್ಖಾನೆಗಳು ಎಂಜಿನ್ನಿನಿಂದ ತಿರುಗುವ ರಾಶಿ ಯಂತ್ರಗಳನ್ನು ಮಾಡತೊಡಗಿದವು. ಅಲ್ಲಿಂದ ಅದು ದೇಶದ ಎಲ್ಲ ಕಡೆಗೂ ಹರಡಿತು. ಡಾಂಬರು ರಸ್ತೆ ಬಂದ ಕಡೆಯಲ್ಲಿ ಕೆಲವರು ರಸ್ತೆಯನ್ನೇ ಕಣ ಮಾಡಿಕೊಂಡು, ಹೋಗಿ ಬರುವ ವಾಹನಗಳಿಂದ ಪುಕ್ಕಟೆ ಹಂತಿ ಹೊಡೆಸಿದ್ದೂ ಉಂಟು. ಜಾಣತನವೇನೋ ಹೌದು, ಬೈಕಿನವರ ಪಾಲಿಗೆ ಮೃತ್ಯು.

ಯಂತ್ರದ ಬಾಯಿಗೆ ಬಿದ್ದದ್ದು ತೆನೆ ಮಾತ್ರವಲ್ಲ. ಗಿಡದ ಕಟ್ಟನ್ನು ಒಳಕ್ಕೆ ನೂಕುವವನ ಕೈ ಒಂದು ಕ್ಷಣ ಮುಂದೆ ಹೋದರೆ ಡ್ರಮ್ಮು ಅದನ್ನು ತೆನೆಯೆಂದೇ ತಿಳಿಯುತ್ತದೆ. ಸಡಿಲ ಅಂಗಿಯ ತೋಳು, ಸೀರೆಯ ಸೆರಗು, ತಲೆಯ ರುಮಾಲು, ಕೈಗೆ ಕಟ್ಟಿದ ದಾರ, ರಾತ್ರಿಯ ನಿದ್ದೆಗಣ್ಣು – ಅಪಘಾತಕ್ಕೆ ಇಷ್ಟು ಸಾಕು. ಉತ್ತರ ಭಾರತದಲ್ಲಿ ಗೋಧಿಯ ಸುಗ್ಗಿ ಬಂತೆಂದರೆ ಆಸ್ಪತ್ರೆಗಳಿಗೆ ಕೈ ಕಳೆದುಕೊಂಡವರು ಬರುವುದು ಮಾಮೂಲಾಯಿತು. ಇವರಲ್ಲಿ ಯಂತ್ರದ ಮಾಲೀಕರು ಕಡಿಮೆ, ದಿನಗೂಲಿಯವರೇ ಹೆಚ್ಚು. ಕಾರ್ಖಾನೆಯ ಕಾರ್ಮಿಕನಿಗಿದ್ದ ಕಾನೂನಿನ ರಕ್ಷಣೆ ಹೊಲದ ಕೂಲಿಗೆ ಇರಲಿಲ್ಲ. ಈ ಹಿನ್ನೆಲೆಯಲ್ಲೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಅಧಿನಿಯಮವನ್ನು ಅಂಗೀಕರಿಸಿತು. ಇಂಥ ಯಂತ್ರಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಯಂತ್ರಿಸುವುದು ಮತ್ತು ಸತ್ತವರಿಗೆ, ಅಂಗವಿಕಲರಾದವರಿಗೆ ಪರಿಹಾರ ಕೊಡಿಸುವುದು ಅದರ ಉದ್ದೇಶ. ರಾಶಿ ಯಂತ್ರ ಅದರ ವ್ಯಾಪ್ತಿಗೆ ಸೇರಿದೆ. ಭಾರತೀಯ ಮಾನಕ ಸಂಸ್ಥೆ ತೆನೆ ನೂಕುವ ದೋಣಿಗೆ ಅಳತೆ ಗೊತ್ತು ಮಾಡಿತು: ಕನಿಷ್ಠ 90 ಸೆಂಟಿಮೀಟರ್ ಉದ್ದ, ಅದರಲ್ಲಿ ಡ್ರಮ್ಮಿನ ಕಡೆಯ 45 ಸೆಂಟಿಮೀಟರ್ ಮೇಲ್ಮುಚ್ಚಿರಬೇಕು. ತೋಳು ಚಾಚಿದರೂ ಬೆರಳು ಡ್ರಮ್ಮಿಗೆ ತಾಗದಿರಲಿ ಎಂಬುದಷ್ಟೇ ಇದರ ಹಿಂದಿನ ಲೆಕ್ಕ. ನಿಮ್ಮ ಊರಿನಲ್ಲಿ ರಾಶಿ ನಡೆಯುವಾಗ ಒಂದು ಟೇಪು ತೆಗೆದುಕೊಂಡು ಹೋಗಿ, ಯಂತ್ರ ನಿಂತಿರುವಾಗ ಆ ದೋಣಿಯನ್ನು ಅಳೆದು ನೋಡಿ. ನಾಗರಿಕಶಾಸ್ತ್ರದ ಒಂದು ಪಾಠ ಅಲ್ಲೇ ಮುಗಿಯುತ್ತದೆ.

ಅಮೆರಿಕದ ಮನೆಯಂಗಳದಲ್ಲೂ ಇದೇ ಕಥೆ. ಒದ್ದೆ ಹಿಮ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಓಡಿಸುವವನು ಬೇಸರಗೊಂಡು ಕೈ ಹಾಕುತ್ತಾನೆ. ಎಂಜಿನ್ ನಿಲ್ಲಿಸಿದ್ದರೂ ಒಳಗೆ ಬಿಗಿದುಕೊಂಡಿರುವ ಚಕ್ರ ಹಿಮ ಸಡಿಲವಾದ ತಕ್ಷಣ ಚಿಮ್ಮಿ ತಿರುಗಿ ಬೆರಳು ತೆಗೆದುಬಿಡಬಲ್ಲುದು. ಆದ್ದರಿಂದ ಅಲ್ಲಿಯ ತಯಾರಕರು ಯಂತ್ರಕ್ಕೇ ಒಂದು ಕೋಲನ್ನು ಸಿಕ್ಕಿಸಿ ಕೊಡುತ್ತಾರೆ. ಹಿಡಿಕೆ ಬಿಟ್ಟರೆ ಅಲಗು ತಾನಾಗಿ ನಿಲ್ಲುವಂತೆ ಮಾಡುತ್ತಾರೆ. ನಮ್ಮ ಬಹುಪಾಲು ಯಂತ್ರಗಳು ಟ್ರ್ಯಾಕ್ಟರಿಗೆ ಕಟ್ಟಿದವು. ಓಡಿಸುವವನು ಒಂದು ಕಡೆ, ಕೈ ಒಡ್ಡುವವನು ಇನ್ನೊಂದು ಕಡೆ. ಟ್ರ್ಯಾಕ್ಟರಿನ ಕೀಲಿ ತೆಗೆದು ತನ್ನ ಜೇಬಿಗೆ ಹಾಕಿಕೊಳ್ಳದೆ ಡ್ರಮ್ಮಿನ ಬಳಿ ಹೋಗಬಾರದು ಎಂಬ ಪದ್ಧತಿಯನ್ನು ಪ್ರತಿ ಹೊಲದಲ್ಲೂ ರೂಢಿಸಬೇಕಾಗಿದೆ.

ನಿರ್ವಹಣೆಯ ವಿಚಾರದಲ್ಲೂ ಎರಡೂ ಕಡೆಯವರು ಒಬ್ಬರಿಂದೊಬ್ಬರು ಕಲಿಯಬಹುದು. ಹಿಮಯಂತ್ರದವನ ದೊಡ್ಡ ಶತ್ರು ಹಳೆಯ ಪೆಟ್ರೋಲ್. ಬೇಸಿಗೆಯ ತಿಂಗಳುಗಳಲ್ಲಿ ಟ್ಯಾಂಕಿನಲ್ಲೇ ಬಿಟ್ಟರೆ ಅದು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಏಪ್ರಿಲ್‌ನಲ್ಲಿ ಅದನ್ನು ಬಸಿದು ಎಂಜಿನ್ ಒಣಗಿಸಿ ಇಟ್ಟವನಿಗೆ ಡಿಸೆಂಬರಿನ ಮೊದಲ ಹಿಮಕ್ಕೆ ಯಂತ್ರ ಕೈ ಕೊಡುವುದಿಲ್ಲ. ಎಣ್ಣೆ ಬದಲಿಸಬೇಕು, ಪ್ಲಗ್ಗು ಉಜ್ಜಬೇಕು, ಪಟ್ಟಾ ಸಡಿಲವಾಗಿದೆಯೇ ನೋಡಬೇಕು. ಅಲಗನ್ನು ದಂಡಕ್ಕೆ ಜೋಡಿಸುವ ಕೀಲೊಂದಿದೆ. ಅದನ್ನು ಬೇಕೆಂದೇ ಮೆತ್ತನೆಯ ಲೋಹದಿಂದ ಮಾಡಿರುತ್ತಾರೆ. ಹಿಮದಡಿಯ ಕಲ್ಲಿಗೆ ಅಲಗು ಬಡಿದರೆ ಈ ಕೀಲು ಮುರಿಯುತ್ತದೆ, ಬೆಲೆಬಾಳುವ ಗೇರು ಪೆಟ್ಟಿಗೆ ಉಳಿಯುತ್ತದೆ. ಇದು ಗೊತ್ತಿಲ್ಲದವರು ಕೀಲು ಮತ್ತೆ ಮತ್ತೆ ಮುರಿಯುತ್ತದೆಂದು ಗಟ್ಟಿ ಬೋಲ್ಟು ಹಾಕಿ, ಮುಂದಿನ ಕಲ್ಲಿಗೆ ಗೇರು ಪೆಟ್ಟಿಗೆಯನ್ನೇ ಕಳೆದುಕೊಳ್ಳುತ್ತಾರೆ.

ರಾಶಿ ಯಂತ್ರದ ಪಂಚಾಂಗ ಇದಕ್ಕೆ ತಿರುಗುಮುರುಗು. ಆಗಸ್ಟ್‌ನಲ್ಲಿ ಹೆಸರು ಬರುವ ಮುಂಚೆ ಯಂತ್ರವನ್ನು ಹೊರತೆಗೆದು, ಬೇರಿಂಗುಗಳಿಗೆ ಗ್ರೀಸು ತುಂಬಿ, ಸವೆದ ರಾಡುಗಳನ್ನು ಬದಲಿಸಿ, ಜಾಲರಿಯ ಕಣ್ಣುಗಳನ್ನು ಬಿಡಿಸಬೇಕು. ಬೀಸಣಿಗೆಯ ಗಾಳಿ ಹೆಚ್ಚಾದರೆ ಹೊಟ್ಟಿನೊಡನೆ ಕಾಳೂ ಹಾರಿ ಹೋಗುತ್ತದೆ, ಕಡಿಮೆಯಾದರೆ ಚೀಲದಲ್ಲಿ ಕಸ ಉಳಿದು ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಬೆಳೆ ಬದಲಾದಂತೆ ಜಾಲರಿಯೂ ಡ್ರಮ್ಮಿನ ವೇಗವೂ ಬದಲಾಗಬೇಕು.

ಇಷ್ಟೆಲ್ಲ ಮಾಡಿ ಎಷ್ಟು ಮಂದಿ ಸ್ವಂತ ಯಂತ್ರ ಇಟ್ಟುಕೊಳ್ಳಬಲ್ಲರು? ಕೆನಡಾದವನಿಗೆ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಬೇಕು, ಹಿಮ ಎಲ್ಲರ ಅಂಗಳದಲ್ಲೂ ಒಂದೇ ರಾತ್ರಿ ಬೀಳುತ್ತದೆ. ಆದ್ದರಿಂದ ಮನೆಗೊಂದು ಯಂತ್ರ. ನಮ್ಮಲ್ಲಿ ಮೂರೆಕರೆಯವನು ವರ್ಷಕ್ಕೆ ಕೆಲವೇ ತಾಸು ಬೇಕಾಗುವ ಯಂತ್ರಕ್ಕಾಗಿ ಸಾಲ ಮಾಡಲಾರ. ಟ್ರ್ಯಾಕ್ಟರ್ ಉಳ್ಳವನು ಹೊಲದಿಂದ ಹೊಲಕ್ಕೆ ಯಂತ್ರ ಒಯ್ದು ಚೀಲಕ್ಕೆ ಇಷ್ಟೆಂದು ಬಾಡಿಗೆ ಪಡೆಯುತ್ತಾನೆ. ಹಳೆಯ ಆಯದ ನೆರಳು ಇದರಲ್ಲಿ ಕಾಣುತ್ತದೆ. ರಾಶಿಯ ಲೆಕ್ಕದಲ್ಲೇ ಪಾಲು, ಆದರೆ ಈಗ ಪಾಲು ಪಡೆಯುವವನು ಊರಿನ ಬಲ್ಲಿದ. ಬಾಡಿಗೆಗೆ ಯಂತ್ರ ಒದಗಿಸಲು ಕರ್ನಾಟಕ ಸರ್ಕಾರ 2014ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಆರಂಭಿಸಿತು. ಆದರೆ ಮಳೆಯ ಮೋಡ ಕಂಡ ದಿನ ಎಲ್ಲರಿಗೂ ಯಂತ್ರ ಬೇಕಾಗುತ್ತದೆ. ಕೆನಡಾದ ಹಿಮದಂತೆ ಬೀದರಿನ ಮೋಡವೂ ಸರತಿಯ ಸಾಲು ನೋಡಿ ಬರುವುದಿಲ್ಲ.

ಕೂಲಿಯ ಮಾತು ಉಳಿಯಿತು. ಕಣದಲ್ಲಿ ತೂರುವ, ಕೇರುವ, ಉದುರಿದ ಕಾಳು ಗುಡಿಸಿ ಆರಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಕೂಲಿ ಸಿಗುತ್ತಿದ್ದುದು ಕಾಳಿನ ರೂಪದಲ್ಲಿ, ಮನೆಯ ಗಡಿಗೆಗೆ ನೇರವಾಗಿ. ಯಂತ್ರ ಬಂದ ಮೇಲೆ ಆ ದಿನಗಳು ಕರಗಿದವು. ಇಲ್ಲಿ ಯಾರೂ ಯಂತ್ರ ಒಡೆಯಲಿಲ್ಲ, ಕ್ಯಾಪ್ಟನ್ ಸ್ವಿಂಗ್ ಹುಟ್ಟಲಿಲ್ಲ. ಬೇಸಿಗೆಯಲ್ಲಿ ಊರು ಬಿಟ್ಟು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳ ಲೆಕ್ಕದಲ್ಲಿ ಈ ಕಳೆದ ದಿನಗಳೂ ಸೇರಿವೆಯೇ ಎಂದು ನಿಮ್ಮಲ್ಲಿ ಅರ್ಥಶಾಸ್ತ್ರ ಓದುವವರು ಊರಿನ ಹಿರಿಯ ಹೆಂಗಸರನ್ನು ಕೇಳಿ ಬರೆದಿಡಬಹುದು. ಈಗ ಕಟಾವು ಮತ್ತು ರಾಶಿ ಎರಡನ್ನೂ ಒಟ್ಟಿಗೆ ಮಾಡುವ ಕಂಬೈನ್ ಯಂತ್ರಗಳು ಸೋಯಾ, ಕಡಲೆಯ ಹೊಲಗಳಿಗೆ ಇಳಿದಿವೆ. ನೆಲಕ್ಕೆ ಹತ್ತಿದ ಕಡಲೆ ಗಿಡ ಅದರ ಬಾಯಿಗೆ ಎಟಕುವುದಿಲ್ಲವೆಂದು ರಾಯಚೂರು ಕೃಷಿ ವಿಶ್ವವಿದ್ಯಾಲಯ ಎತ್ತರಕ್ಕೆ ನೆಟ್ಟಗೆ ಬೆಳೆಯುವ ಜಿಬಿಎಂ–2 ಎಂಬ ತಳಿಯನ್ನು ಕೊಟ್ಟಿದೆ. ಬೆಳೆಗೆ ತಕ್ಕ ಯಂತ್ರ ಮಾಡುತ್ತಿದ್ದ ಕಾಲ ಹೋಗಿ ಯಂತ್ರಕ್ಕೆ ತಕ್ಕ ಬೆಳೆ ಮಾಡುವ ಕಾಲ ಬಂದಿದೆ.

ಒಂದು ಕೆಲಸವನ್ನು ಮಾತ್ರ ಯಂತ್ರಕ್ಕೆ ಪೂರ್ತಿ ಒಪ್ಪಿಸಲಾಗಿಲ್ಲ. ಸೋಯಾ ಅವರೆಯ ಸಿಪ್ಪೆ ಬಹಳ ತೆಳು. ಡ್ರಮ್ಮು ವೇಗವಾಗಿ ತಿರುಗಿದರೆ ಕಾಳಿನೊಳಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಎಣ್ಣೆಗೆ ಅಡ್ಡಿಯಿಲ್ಲ, ಬಿತ್ತಿದರೆ ಮೊಳೆಯುವುದಿಲ್ಲ. ಬೀಜಕ್ಕೆ ಇಡುವುದಾದರೆ ನಿಮಿಷಕ್ಕೆ 350ರಿಂದ 400 ಸುತ್ತಿಗಿಂತ ಹೆಚ್ಚು ಓಡಿಸಬಾರದು, ಸಾಧ್ಯವಾದರೆ ಕೋಲಿನಿಂದಲೇ ಬಡಿಯಬೇಕು ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಹೀಗಾಗಿ ರಾಶಿ ಮಶಿನ್ ಮುಂದಿನ ಹೊಲಕ್ಕೆ ಹೋದ ಮೇಲೂ, ಮುಂದಿನ ವರ್ಷದ ಬೀಜಕ್ಕೆಂದು ತೆಗೆದಿಟ್ಟ ಒಂದು ಸಣ್ಣ ಗುಡ್ಡೆಯನ್ನು ಅಂಗಳದಲ್ಲಿ ಹರವಿ, ಕೋಲಿನಿಂದ ಮೆಲ್ಲಗೆ ಬಡಿದು, ಗಾಳಿ ಬರುವ ದಿಕ್ಕು ನೋಡಿ ಮರದಿಂದ ತೂರುತ್ತಾರೆ.